ಒಳ್ಳೆಯ ಆಟ, ಸೋತ ಪೆಟ್ಟಿಗೆ

ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದ ನಾನು ಮಕ್ಕಳ ವಿಡಿಯೋ ಆಟದ ಪೆಟ್ಟಿಗೆಯೊಂದನ್ನು ಕುರಿತು ಮಾತನಾಡಹೊರಟಿರುವುದು ಕೇಳುಗರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಯಂತ್ರದ ಒಳಗನ್ನು ನಾನು ಬಲ್ಲವನಲ್ಲ. ವ್ಯಾಪಾರದ ಗುಟ್ಟುಗಳೂ ನನಗೆ ದೂರ. ಆದರೆ ನಾನು ಬಹುಕಾಲ ನಂಬಿಕೊಂಡು ಬಂದಿದ್ದ, ವಿದ್ಯಾರ್ಥಿಗಳಿಗೂ ಧೈರ್ಯವಾಗಿ ಹೇಳುತ್ತಿದ್ದ ಒಂದು ಮಾತನ್ನು ಈ ಪೆಟ್ಟಿಗೆ ಪರೀಕ್ಷೆಗೆ ಒಡ್ಡಿತು. ಆ ಮಾತು ಇಷ್ಟೆ: ಕೃತಿ ನಿಜವಾಗಿಯೂ ಒಳ್ಳೆಯದಾಗಿದ್ದರೆ ಅದು ತನ್ನ ಓದುಗರನ್ನು ತಾನೇ ಹುಡುಕಿಕೊಳ್ಳುತ್ತದೆ, ಲೇಖಕ ಚಿಂತಿಸಬೇಕಾದದ್ದಿಲ್ಲ.

2001ರ ಬೇಸಗೆಯಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಒಂದು ತಿಂಗಳು ಇದ್ದೆ. ಆಗ ಸೋದರಳಿಯನಿಗೆ ಹನ್ನೊಂದು ವರ್ಷ. ಅವನ ಟೆಲಿವಿಷನ್ನಿನ ಕೆಳಗೆ ಒಂದು ಬಿಳಿಯ ಪೆಟ್ಟಿಗೆ. ಮುಂಭಾಗದಲ್ಲಿ ನಾಲ್ಕು ಜನ ಒಟ್ಟಿಗೆ ಆಡಲು ನಾಲ್ಕು ರಂಧ್ರಗಳು. ಮೇಲೆ ಕಿತ್ತಳೆ ಬಣ್ಣದ ಒಂದು ಸುರುಳಿ. ಜಪಾನಿನ ಸೆಗಾ ಎಂಬ ಸಂಸ್ಥೆ ತಯಾರಿಸಿದ ಆ ಯಂತ್ರದ ಹೆಸರು ಡ್ರೀಮ್‌ಕಾಸ್ಟ್. ಹುಡುಗ ಆಡುತ್ತಿದ್ದ ಆಟದ ಹೆಸರು ‘ಶೆನ್ಮೂ’. ಗುಂಡುಹಾರಿಸುವ ಗದ್ದಲವನ್ನು ನಿರೀಕ್ಷಿಸಿ ಕುಳಿತವನಿಗೆ ಕಂಡದ್ದೇ ಬೇರೆ. 1986ರ ಯೊಕೊಸುಕ ಎಂಬ ಜಪಾನಿನ ಊರು. ತಂದೆಯ ಕೊಲೆಯನ್ನು ಕಣ್ಣಾರೆ ಕಂಡ ತರುಣನೊಬ್ಬ ಕೊಲೆಗಾರನನ್ನು ಅರಸಿಕೊಂಡು ಬೀದಿ ಬೀದಿ ಅಲೆಯುತ್ತಾನೆ. ಎದುರಾದವರನ್ನು ನಿಲ್ಲಿಸಿ ವಿಚಾರಿಸುತ್ತಾನೆ. ಹಿಮ ಬೀಳುತ್ತದೆ, ಸಂಜೆಯಾಗುತ್ತದೆ, ಅಂಗಡಿಗಳು ಬಾಗಿಲು ಹಾಕುತ್ತವೆ. ಬೀದಿಯ ಒಬ್ಬೊಬ್ಬನಿಗೂ ತನ್ನದೇ ಒಂದು ದಿನಚರಿ. ನಾಯಕ ತನ್ನ ಮನೆಯ ಮೇಜಿನ ಸೆಳೆಖಾನೆಗಳನ್ನು ಒಂದೊಂದಾಗಿ ತೆರೆದು ನೋಡಬಹುದು. ಅದರಿಂದ ಕತೆ ಮುಂದುವರಿಯಬೇಕೆಂಬ ಹಟವಿಲ್ಲ. ಒಳ್ಳೆಯ ಕಾದಂಬರಿಯೊಂದರ ಊರಿನಲ್ಲಿ ಅಡ್ಡಾಡಿದಾಗ ಆಗುವಂಥ ಅನುಭವ ನನಗಾಯಿತು. ಮುಂದಿನ ಮೂರು ಸಂಜೆ ನಾನಾಗಿಯೇ ಹೋಗಿ ಅವನ ಪಕ್ಕದಲ್ಲಿ ಕುಳಿತೆ.

“ಇದು ತುಂಬ ದುಬಾರಿಯಾಗಿರಬೇಕಲ್ಲ?” ಎಂದು ತಂಗಿಯನ್ನು ಕೇಳಿದೆ.

“ಇಲ್ಲ ಅಣ್ಣ, ನೂರು ಡಾಲರಿಗೂ ಕಡಿಮೆಗೆ ಸಿಕ್ಕಿತು” ಎಂದಳು.

ಹುಡುಗ ಪರದೆಯಿಂದ ಕಣ್ಣು ಕೀಳದೆಯೇ ಹೇಳಿದ: “ಮಾವ, ಇದನ್ನು ಮಾಡೋದನ್ನ ನಿಲ್ಲಿಸಿಬಿಟ್ಟಿದ್ದಾರೆ. ಅದಕ್ಕೇ ಅಗ್ಗ.”

ಇಷ್ಟು ಒಳ್ಳೆಯ ವಸ್ತುವನ್ನು ಏಕೆ ನಿಲ್ಲಿಸಿದರು? ಅಂದು ಹುಟ್ಟಿದ ಈ ಪ್ರಶ್ನೆಗೆ ಸಿಕ್ಕ ಉತ್ತರವನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ಒಂದಿಷ್ಟು ಸಂಗತಿ. ಡ್ರೀಮ್‌ಕಾಸ್ಟ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1998ರ ನವೆಂಬರ್ 27ರಂದು. ಅಮೆರಿಕಕ್ಕೆ ಬಂದದ್ದು 1999ರ ಸೆಪ್ಟೆಂಬರ್ 9ರಂದು, 199 ಡಾಲರ್ ಬೆಲೆಗೆ. ಅಮೆರಿಕದಲ್ಲಿ ಮೊದಲ ದಿನವೇ ಹದಿನೆಂಟು ಆಟಗಳು ಜೊತೆಯಲ್ಲಿ ಬಂದವು. ಇಪ್ಪತ್ತನಾಲ್ಕು ಗಂಟೆಗಳಲ್ಲಿ 2 ಲಕ್ಷ 25 ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ಖರ್ಚಾದವು. ದೂರವಾಣಿ ತಂತಿಯ ಮೂಲಕ ದೂರದೂರದವರೊಡನೆ ಆಡಲು ಬೇಕಾದ ಮೋಡೆಮ್ ಅದರಲ್ಲೇ ಅಡಕವಾಗಿತ್ತು. ಮನೆಯ ಆಟದ ಪೆಟ್ಟಿಗೆಗಳ ಮಟ್ಟಿಗೆ ಇದು ಕಾಲಕ್ಕಿಂತ ಮುಂದಿನ ಹೆಜ್ಜೆ. ‘ಸೋಲ್ ಕ್ಯಾಲಿಬರ್’, ‘ಕ್ರೇಜಿ ಟ್ಯಾಕ್ಸಿ’, ‘ಜೆಟ್ ಸೆಟ್ ರೇಡಿಯೋ’, ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಮೊದಲಾದ ಅದರ ಆಟಗಳನ್ನು ಬಲ್ಲವರು ಇಂದಿಗೂ ಹೊಗಳುತ್ತಾರೆ. ಆದರೂ 2001ರ ಜನವರಿ 31ರಂದು, ಅಮೆರಿಕಕ್ಕೆ ಕಾಲಿಟ್ಟು ಒಂದೂವರೆ ವರ್ಷ ತುಂಬುವ ಮುನ್ನವೇ, ಇನ್ನು ಪೆಟ್ಟಿಗೆಯನ್ನು ತಯಾರಿಸುವುದಿಲ್ಲವೆಂದು ಸೆಗಾ ಪ್ರಕಟಿಸಿತು. ಜಗತ್ತಿನಲ್ಲೆಲ್ಲ ಸೇರಿ ಮಾರಾಟವಾದದ್ದು ಸುಮಾರು 91 ಲಕ್ಷ. ಅದರ ಎದುರಾಳಿಯಾದ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 2 ತನ್ನ ಆಯುಷ್ಯದಲ್ಲಿ 15 ಕೋಟಿ 50 ಲಕ್ಷವನ್ನೂ ದಾಟಿತು.

ಈ ವ್ಯಾಪಾರ ನಡೆಯುವ ಬಗೆಯನ್ನು ತಿಳಿಯದೆ ಸೋಲಿನ ಕಾರಣ ತಿಳಿಯಲಾರದು. ಪೆಟ್ಟಿಗೆಯ ಮಾರಾಟದಿಂದ ತಯಾರಕನಿಗೆ ಲಾಭ ಸಿಗುವುದು ಅಪರೂಪ. ಎಷ್ಟೋ ವೇಳೆ ಅಸಲೂ ಗಿಟ್ಟುವುದಿಲ್ಲ. ಲಾಭವೆಲ್ಲ ಆಟಗಳಿಂದ. ತಾನೇ ಮಾಡಿದ ಆಟಗಳಲ್ಲದೆ, ಬೇರೆ ಸಂಸ್ಥೆಗಳು ಈ ಪೆಟ್ಟಿಗೆಗಾಗಿ ಮಾಡಿದ ಆಟಗಳ ಪ್ರತಿಯೊಂದು ಪ್ರತಿಯ ಮೇಲೂ ಅವನಿಗೆ ಒಂದು ಪಾಲು ಸಲ್ಲುತ್ತದೆ. ಆದ್ದರಿಂದ ಪೆಟ್ಟಿಗೆ ಲಕ್ಷಗಟ್ಟಲೆ ಮನೆಗಳನ್ನು ಸೇರಬೇಕು. ಸೇರಬೇಕಾದರೆ ಹೊರಗಿನವರೂ ಅದಕ್ಕೆ ಆಟ ಮಾಡಬೇಕು. ಹೊರಗಿನವರು ಮಾಡಬೇಕಾದರೆ ಅದು ಆಗಲೇ ಲಕ್ಷಗಟ್ಟಲೆ ಮನೆಗಳಲ್ಲಿರಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ತೊಡಕು ಇಲ್ಲಿ ತರ್ಕದ ವಿನೋದವಲ್ಲ. ದಿನದಿನವೂ ಹಣ ಸೋರುವ ಸಂಕಟ. ಒಬ್ಬರು ಮೊದಲು ನಂಬಬೇಕು. ನಂಬಿಕೆಯಿಲ್ಲದೆ ಈ ಚಕ್ರ ಉರುಳಲು ಮೊದಲಾಗುವುದೇ ಇಲ್ಲ.

ಡ್ರೀಮ್‌ಕಾಸ್ಟ್ ಏಕೆ ಸೋತಿತೆಂದು ಕೇಳಿದರೆ ಬಲ್ಲವರು ಹಲವು ಕಾರಣಗಳನ್ನು ಕೊಡುತ್ತಾರೆ. ಪ್ಲೇಸ್ಟೇಷನ್ 2ರಲ್ಲಿ ಡಿವಿಡಿ ಸಿನಿಮಾಗಳನ್ನೂ ನೋಡಬಹುದಿತ್ತು, ಹಳೆಯ ಪ್ಲೇಸ್ಟೇಷನ್ನಿನ ಆಟಗಳನ್ನೂ ಆಡಬಹುದಿತ್ತು. ಡ್ರೀಮ್‌ಕಾಸ್ಟಿನಲ್ಲಿ ಈ ಎರಡು ಸೌಕರ್ಯಗಳೂ ಇರಲಿಲ್ಲ. ಕ್ರೀಡೆಯ ಆಟಗಳಿಗೆ ಹೆಸರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಇದಕ್ಕಾಗಿ ಒಂದು ಆಟವನ್ನೂ ಹೊರತರಲಿಲ್ಲ. ಅಮೆರಿಕದ ಫುಟ್‌ಬಾಲಿನ ಮೇಲೆ ಪ್ರಾಣವಿಟ್ಟವರಿಗೆ ಇದು ಸಣ್ಣ ಕೊರತೆಯಲ್ಲ. 2000ದಲ್ಲಿ ಯಂತ್ರದ ಒಂದು ಒಳದಾರಿಯನ್ನು ಕಂಡುಹಿಡಿದವರು ಆಟಗಳನ್ನು ಮಾಮೂಲು ಸಿಡಿಗಳಿಗೆ ನಕಲುಮಾಡತೊಡಗಿದರು. ಇವೆಲ್ಲ ನಿಜವೇ. ಆದರೆ ಒಂದೊಂದೂ ಅರ್ಧ ಉತ್ತರ. ನಕಲು ಹಳೆಯ ಪ್ಲೇಸ್ಟೇಷನ್ನಿಗೂ ತಪ್ಪಿರಲಿಲ್ಲ, ಅದು ಸಾಯಲಿಲ್ಲ. ಫುಟ್‌ಬಾಲಿನ ಆಟವನ್ನು ಸೆಗಾ ತಾನೇ ಮಾಡಿಸಿತು. ಅದು ಚೆನ್ನಾಗಿಯೂ ಇತ್ತು.

ಡಿವಿಡಿಯ ಮಾತನ್ನು ಮಾತ್ರ ತುಸು ನಿಂತು ನೋಡಬೇಕು. ಪ್ಲೇಸ್ಟೇಷನ್ 2 ಬರಲಿದೆಯೆಂದು ಸೋನಿ ಪ್ರಕಟಿಸಿದ್ದು 1999ರ ಮಾರ್ಚ್‌ನಲ್ಲಿ; ಡ್ರೀಮ್‌ಕಾಸ್ಟ್ ಅಮೆರಿಕದ ಅಂಗಡಿಗೆ ಬರುವುದಕ್ಕೆ ಆರು ತಿಂಗಳು ಮುಂಚೆ. ಅದು ಅಮೆರಿಕದಲ್ಲಿ ಕೈಗೆ ಸಿಕ್ಕದ್ದು 2000ದ ಅಕ್ಟೋಬರ್ 26ರಂದು, 299 ಡಾಲರಿಗೆ. ಆಗಲೂ ಸಾಕಷ್ಟು ಪೆಟ್ಟಿಗೆಗಳು ಬರಲಿಲ್ಲ. ಬಂದವು ಅಂಗಡಿಯಲ್ಲಿ ನಿಲ್ಲಲಿಲ್ಲ. ಅದರ ಮೊದಮೊದಲ ಆಟಗಳೂ ಅಂಥ ಹೆಚ್ಚಿನವಲ್ಲವೆಂದು ಹಲವರ ಅಭಿಪ್ರಾಯ. ಅತ್ತ ಡ್ರೀಮ್‌ಕಾಸ್ಟ್ 149 ಡಾಲರಿಗೆ ಇಳಿದು, ಒಂದು ವರ್ಷದ ಉತ್ತಮ ಆಟಗಳನ್ನು ಬೆನ್ನಿಗಿಟ್ಟುಕೊಂಡು ಅಂಗಡಿಯಲ್ಲೇ ಕೂತಿತ್ತು. ಆ ಕ್ರಿಸ್‌ಮಸ್ಸಿಗೆ ಮಗುವಿಗೆ ಉಡುಗೊರೆ ಕೊಡಬೇಕೆಂದಿರುವ ತಂದೆ ಏನು ಮಾಡಬೇಕು? ಕೈಗೆ ಸಿಗುವ, ಅಗ್ಗದ, ಒಳ್ಳೆಯ ಆಟಗಳಿರುವ ಪೆಟ್ಟಿಗೆಯನ್ನು ಕೊಳ್ಳಬೇಕು. ಬಹುಮಂದಿ ಹಾಗೆ ಮಾಡಲಿಲ್ಲ, ಸಿಗದಿರುವುದಕ್ಕಾಗಿ ಕಾದರು. ವರ್ಷದ ಕೊನೆಯೊಳಗೆ ಅಮೆರಿಕದಲ್ಲಿ 50 ಲಕ್ಷ ಪೆಟ್ಟಿಗೆ ಮಾರಿದರೆ ಮಾತ್ರ ಉಳಿಗಾಲವೆಂದು ಸೆಗಾದ ಅಲ್ಲಿಯ ಮುಖ್ಯಸ್ಥ ಪೀಟರ್ ಮೂರ್ ಹೇಳಿದ್ದರು; ಮಾರಿದ್ದು ಸುಮಾರು 30 ಲಕ್ಷ.

ಹಾಗಾದರೆ ಮೊದಲ ದಿನದ ನೂಕುನುಗ್ಗಲು ಏನಾಯಿತು? ಮೊದಲ ದಿನ ಬರುವವರು ಭಕ್ತರು. ಅವರು ಎಂದೂ ಬರುತ್ತಾರೆ. ದೇಗುಲದ ಮಾಡು ಸೋರುತ್ತಿದ್ದರೂ ಬರುತ್ತಾರೆ. ಪೆಟ್ಟಿಗೆ ಬಾಳಬೇಕಾದರೆ ಭಕ್ತರು ಸಾಲದು. ಲೆಕ್ಕಹಾಕಿ ಕಾಸು ಬಿಚ್ಚುವ ಗೃಹಸ್ಥರು ಬರಬೇಕು. ಆ ಗೃಹಸ್ಥ ಅಂಗಡಿಯಲ್ಲಿ ನಿಂತು ‘ಇದರ ಆಟಗಳು ಚೆನ್ನಾಗಿವೆಯೆ?’ ಎಂದಷ್ಟೇ ಕೇಳುವುದಿಲ್ಲ. ‘ಇನ್ನು ನಾಲ್ಕು ವರ್ಷ ಇದಕ್ಕೆ ಆಟಗಳು ಬರುತ್ತವೆಯೆ?’ ಎಂದು ಕೇಳುತ್ತಾನೆ. ಅವನು ಕೊಳ್ಳುವುದು ಕಣ್ಣಮುಂದಿನ ವಸ್ತುವನ್ನಲ್ಲ, ಮುಂಬರುವ ದಿನಗಳ ಬಗೆಗೆ ಕೊಟ್ಟ ಒಂದು ಮಾತನ್ನು. ಮಾತನ್ನು ತೂಗಬೇಕಾದರೆ ಆಡಿದವನ ಹಿಂದಿನ ನಡೆಯನ್ನು ನೋಡಬೇಕಷ್ಟೆ.

ಸೆಗಾದ ಹಿಂದಿನ ನಡೆ ಹೇಗಿತ್ತು? 1990ರ ದಶಕದ ಆರಂಭದಲ್ಲಿ ಜೆನೆಸಿಸ್ ಎಂಬ ಯಂತ್ರದಿಂದ ಅದು ನಿಂಟೆಂಡೋದಂಥ ಮಲ್ಲನಿಗೆ ಅಮೆರಿಕದಲ್ಲಿ ಸರಿಸಮನಾಗಿ ನಿಂತಿತ್ತು. ಜಗತ್ತಿನ ಸುಮಾರು 3 ಕೋಟಿ ಮನೆಗಳನ್ನು ಆ ಯಂತ್ರ ಸೇರಿತು. ಅಲ್ಲಿಂದ ಮುಂದೆ ಮಾತು ತಪ್ಪುವ ಕತೆ. 1992ರಲ್ಲಿ ಅಮೆರಿಕದಲ್ಲಿ ಜೆನೆಸಿಸ್ಸಿಗೆ ಜೋಡಿಸಬೇಕಾದ ಸೆಗಾ ಸಿಡಿ ಎಂಬ ಉಪಾಂಗ ಬಂದಿತು, 299 ಡಾಲರಿಗೆ. 1994ರ ನವೆಂಬರಿನಲ್ಲಿ 32ಎಕ್ಸ್ ಎಂಬ ಮತ್ತೊಂದು ಉಪಾಂಗ. ಅದೇ ತಿಂಗಳು ಜಪಾನಿನಲ್ಲಿ ಸ್ಯಾಟರ್ನ್ ಎಂಬ ಹೊಚ್ಚಹೊಸ ಯಂತ್ರವೇ ಮಾರಾಟಕ್ಕೆ ಬಂದಿತು! ಹಳೆಯದಕ್ಕೆ ತೇಪೆಯನ್ನು ಮಾರುವವನೇ ಹೊಸತನ್ನೂ ತೋರಿಸಿದರೆ ತೇಪೆಯನ್ನು ಕೊಂಡವನ ಗತಿಯೇನು? 32ಎಕ್ಸ್ ಎರಡು ವರ್ಷ ತುಂಬುವ ಮೊದಲೇ ಮೂಲೆಗೆ ಬಿದ್ದಿತು.

ಸ್ಯಾಟರ್ನ್ ಅಮೆರಿಕಕ್ಕೆ 1995ರ ಸೆಪ್ಟೆಂಬರ್ 2ರಂದು ಬರಲಿದೆಯೆಂದು ಹೇಳಿದ್ದ ಸೆಗಾ, ಮೇ 11ರಂದು ಲಾಸ್ ಏಂಜಲೀಸಿನ ಪ್ರದರ್ಶನವೊಂದರಲ್ಲಿ ‘ಇಂದಿನಿಂದಲೇ ದೊರೆಯುತ್ತದೆ, ಬೆಲೆ 399 ಡಾಲರ್’ ಎಂದು ಸಾರಿತು. ಸೋನಿಗಿಂತ ಮುಂಚೆ ಓಡಬೇಕೆಂಬ ಆತುರ. ಆಯ್ದ ಕೆಲವು ಅಂಗಡಿಗಳಿಗೆ ಮಾತ್ರ ಪೆಟ್ಟಿಗೆ ಹೋಗಿತ್ತು. ಉಳಿದ ಅಂಗಡಿಯವರು ಮುನಿದರು, ಕೆಲವರು ಸೆಗಾದ ಸರಕನ್ನೇ ದೂರವಿಟ್ಟರು. ಸೆಪ್ಟೆಂಬರನ್ನು ಎಣಿಸಿಕೊಂಡು ಆಟ ಕಟ್ಟುತ್ತಿದ್ದ ಹೊರಗಿನ ಸಂಸ್ಥೆಗಳ ಕೈಯಲ್ಲಿ ಏನೂ ಸಿದ್ಧವಿರಲಿಲ್ಲ. ಅದೇ ದಿನ ಸೋನಿಯ ಪ್ರತಿನಿಧಿ ವೇದಿಕೆಯ ಮೇಲೆ ಬಂದು ತಮ್ಮ ಯಂತ್ರದ ಬೆಲೆಯನ್ನಷ್ಟೇ ಉಚ್ಚರಿಸಿ ಇಳಿದುಹೋದರು: 299. ಸ್ಯಾಟರ್ನ್ 1998ರ ಹೊತ್ತಿಗೆ ಅಮೆರಿಕದಲ್ಲಿ ಅಂಗಡಿ ಮುಚ್ಚಿತು. ಹೀಗೆ ಆರೇ ವರ್ಷಗಳಲ್ಲಿ ಸೆಗಾ ಮೂರು ಬಾರಿ ಹಣ ಕೇಳಿ, ಮೂರು ಬಾರಿಯೂ ಕೊಟ್ಟವರನ್ನು ನಡುದಾರಿಯಲ್ಲಿ ಬಿಟ್ಟಿತ್ತು. ನಾಲ್ಕನೆಯ ಬಾರಿ ಬಂದದ್ದೇ ಡ್ರೀಮ್‌ಕಾಸ್ಟ್. ನಾಲ್ಕರಲ್ಲಿ ಅತ್ಯುತ್ತಮವಾದದ್ದು ಅದು. ಆದರೆ ಹಿಂದಿನ ಮೂರರ ಸಾಲವನ್ನೆಲ್ಲ ಅದು ತೀರಿಸಬೇಕಾಯಿತು.

ಜಪಾನಿನಲ್ಲಿ ತನ್ನ ಹೆಸರು ಕೆಟ್ಟಿದೆಯೆಂಬುದು ಸೆಗಾಕ್ಕೇ ತಿಳಿದಿತ್ತು. 1998ರ ಅದರ ಜಾಹೀರಾತುಗಳಲ್ಲಿ ಸಂಸ್ಥೆಯ ನಿಜವಾದ ಅಧಿಕಾರಿಯಾದ ಹಿದೆಕಾಜು ಯುಕಾವಾ ಅವರೇ ನಟಿಸಿದರು. ಬೀದಿಯಲ್ಲಿ ಹುಡುಗರು ಸೆಗಾವನ್ನು ಹಳಿದು ಪ್ಲೇಸ್ಟೇಷನ್ನನ್ನು ಹೊಗಳುವುದು ಅವರ ಕಿವಿಗೆ ಬೀಳುತ್ತದೆ. ಪಾಪ, ಮುಖ ಬಾಡುತ್ತದೆ. ಜನ ನಕ್ಕರು, ಮೆಚ್ಚಿದರು, ಕೊಳ್ಳಲು ಬಂದರು. ಬಂದಾಗ ಪೆಟ್ಟಿಗೆಗಳು ಸಾಲದೆ ಹೋದವು. ಚಿತ್ರಗಳನ್ನು ಮೂಡಿಸುವ ಚಿಪ್ಪುಗಳು ಬೇಕಾದಷ್ಟು ತಯಾರಾಗಿರಲಿಲ್ಲ. ತಪ್ಪೊಪ್ಪಿಕೊಂಡು ಕರೆದವನ ಮನೆಯಲ್ಲಿ ಅತಿಥಿಗೆ ಮಣೆ ಇಲ್ಲದಂತಾಯಿತು.

ಇಲ್ಲಿ ನನ್ನದೊಂದು ಹಳೆಯ ಸಂಗತಿಯನ್ನು ಹೇಳಿಬಿಡಬೇಕು. ಇಲ್ಲವಾದರೆ ಈ ದೂರದೇಶದ ವ್ಯಾಪಾರ ನನ್ನನ್ನೇಕೆ ಇಷ್ಟು ಕಾಡಿತೆಂಬುದು ತಿಳಿಯದು. 1980ರ ದಶಕದಲ್ಲಿ ನಾವು ಮೂವರು ಅಧ್ಯಾಪಕ ಮಿತ್ರರು ಸೇರಿ ಒಂದು ತ್ರೈಮಾಸಿಕವನ್ನು ಹೊರಡಿಸಿದೆವು. ಆರು ಸಂಚಿಕೆಗೆ ಅದು ನಿಂತಿತು. ಎರಡು ವರ್ಷದ ಮೇಲೆ ಮತ್ತೆ ಆರಂಭಿಸಿದೆವು. ಮೂರು ಸಂಚಿಕೆಗೆ ನಿಂತಿತು. ಮೂರನೆಯ ಸಲ ಪಣತೊಟ್ಟು ಒಂದು ವಿಶೇಷ ಸಂಚಿಕೆಯನ್ನು ಸಿದ್ಧಪಡಿಸಿದೆವು. ಅಷ್ಟು ಒಳ್ಳೆಯ ಸಂಚಿಕೆಯನ್ನು ನಾವು ಅದಕ್ಕೆ ಮೊದಲು ತಂದಿರಲಿಲ್ಲ. ನೆರೆಯ ತಾಲ್ಲೂಕಿನ ಹೈಸ್ಕೂಲು ಮೇಷ್ಟರೊಬ್ಬರು, ನಮ್ಮ ಮೊದಲ ಚಂದಾದಾರರಲ್ಲಿ ಒಬ್ಬರು, ಪ್ರತಿಯನ್ನು ತಿರುವಿಹಾಕಿ ಹೇಳಿದರು: “ತುಂಬ ಚೆನ್ನಾಗಿದೆ ಸಾರ್. ಒಂದು ಬಿಡಿಪ್ರತಿ ಕೊಡಿ. ವಾರ್ಷಿಕ ಚಂದಾ ಮಾತ್ರ ಬೇಡ.”

ಆ ದಿನ ನನಗೆ ಕೋಪ ಬಂದಿತು. ಈ ಜನಕ್ಕೆ ಸಾಹಿತ್ಯದ ಮೇಲೆ ಪ್ರೀತಿಯಿಲ್ಲ ಎಂದುಕೊಂಡೆ. ಚಂದಾ ಬಾರದೆ ಪತ್ರಿಕೆ ಮೂರನೆಯ ಸಲವೂ ನಿಂತಾಗ ಓದುಗರನ್ನೇ ದೂರಿದೆ. ನ್ಯೂಜೆರ್ಸಿಯಲ್ಲಿ ಆ ಬಿಳಿಯ ಪೆಟ್ಟಿಗೆಯ ಕತೆಯನ್ನು ಕೇಳಿದ ಮೇಲೆ ಮೇಷ್ಟರ ಮಾತು ಬೇರೆಯಾಗಿ ಕೇಳಿಸಿತು. ಅವರು ಸಾಹಿತ್ಯವನ್ನು ಬೇಡವೆನ್ನಲಿಲ್ಲ; ಹಣ ಕೊಟ್ಟು ಪ್ರತಿಯನ್ನು ಒಯ್ದರು. ಬೇಡವೆಂದದ್ದು ನಮ್ಮ ಮಾತನ್ನು. ಎರಡು ಸಲ ಪತ್ರಿಕೆ ನಿಂತಾಗಲೂ, ಉಳಿದ ಸಂಚಿಕೆಗಳ ಹಣವನ್ನು ನಾವು ಚಂದಾದಾರರಿಗೆ ಹಿಂದಿರುಗಿಸಿರಲಿಲ್ಲ. ಮೊತ್ತ ದೊಡ್ಡದಲ್ಲ, ಹಿಂದಿರುಗಿಸಬೇಕೆಂಬುದು ನಮಗೆ ತೋಚಲೇ ಇಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆಂಬ ಹೆಮ್ಮೆಯಲ್ಲಿ, ಮಾತು ಉಳಿಸಿಕೊಳ್ಳುವುದೂ ಆ ಕೆಲಸದ ಒಂದು ಭಾಗವೆಂಬುದನ್ನು ಮರೆತಿದ್ದೆವು.

ನಂಬಿಕೆಯೊಂದೇ ಡ್ರೀಮ್‌ಕಾಸ್ಟನ್ನು ಮುಳುಗಿಸಿತೆಂದು ನಾನು ಹೇಳಲಾರೆ. ಸೋನಿಯ ಬಲ, ಡಿವಿಡಿಯ ಆಕರ್ಷಣೆ, ವರ್ಷ ವರ್ಷವೂ ಏರುತ್ತಿದ್ದ ನಷ್ಟ ಇವೆಲ್ಲವೂ ಅದರ ಮೇಲೆ ಬಿದ್ದವು. ‘ಶೆನ್ಮೂ’ ಒಂದಕ್ಕೇ ಪ್ರಚಾರವೂ ಸೇರಿ 4 ಕೋಟಿ 70 ಲಕ್ಷ ಡಾಲರ್ ತಗುಲಿತೆಂದು ಅದರ ನಿರ್ದೇಶಕ ಯೂ ಸುಜುಕಿ ಮುಂದೆ ಹೇಳಿದರು; ಅಷ್ಟು ವೆಚ್ಚ ಹಿಂದಿರುಗಿ ಬರುವಷ್ಟು ಮನೆಗಳಲ್ಲಿ ಆ ಪೆಟ್ಟಿಗೆಯೇ ಇರಲಿಲ್ಲ. ಆದರೆ ಈ ಹೊಡೆತಗಳನ್ನು ತಾಳಿಕೊಳ್ಳಲು ಬೇಕಾಗಿದ್ದದ್ದು ಒಂದೆರಡು ವರ್ಷಗಳ ಕಾಲಾವಕಾಶ. ಜನ ನಂಬಿದವನಿಗೆ ಮಾತ್ರ ಆ ಅವಕಾಶವನ್ನು ಕೊಡುತ್ತಾರೆ. ಪ್ಲೇಸ್ಟೇಷನ್ 2ರ ಮೊದಲ ಆಟಗಳು ಸಾಧಾರಣವಾಗಿದ್ದರೂ ಸೋನಿಗೆ ಕೊಟ್ಟರು. ಸೆಗಾದ ಆಟಗಳು ಸೊಗಸಾಗಿದ್ದರೂ ಅದಕ್ಕೆ ಕೊಡಲಿಲ್ಲ. ಮುಳುಗೀತೆಂಬ ಶಂಕೆಯಿಂದಲೇ ಜನ ದೋಣಿ ಹತ್ತಲಿಲ್ಲ; ಹತ್ತದೆ ಹೋದದ್ದರಿಂದಲೇ ದೋಣಿ ಮುಳುಗಿತು.

ಕೊನೆಯ ದಿನಗಳ ಒಂದು ಸಂಗತಿಯನ್ನು ಮರೆಯಲಾಗದು. ಆಗ ಸೆಗಾದ ಅಧ್ಯಕ್ಷರಾಗಿದ್ದವರು ಇಸಾವೋ ಒಕಾವಾ. ಎಪ್ಪತ್ತು ದಾಟಿದ, ಕಾಯಿಲೆಯಲ್ಲಿದ್ದ ಉದ್ಯಮಿ. ಪೆಟ್ಟಿಗೆಯನ್ನು ಕೈಬಿಟ್ಟು ಆಟಗಳನ್ನಷ್ಟೇ ಮಾಡುವ ಸಂಸ್ಥೆಯಾಗುವ ದಾರಿಗೆ ಸೆಗಾ ತಿರುಗಿದ್ದು ಅವರ ಕಾಲದಲ್ಲಿ. ಹಾಗೆ ತಿರುಗುವಾಗ ಸಂಸ್ಥೆ ನೆಲಕಚ್ಚಬಾರದೆಂದು ತಮ್ಮ ಸ್ವಂತ ಆಸ್ತಿಯಿಂದ ಸುಮಾರು 8,500 ಕೋಟಿ ಯೆನ್‌ಗಳನ್ನು, ಎಂದರೆ ಸುಮಾರು 69 ಕೋಟಿ 50 ಲಕ್ಷ ಡಾಲರುಗಳನ್ನು, ದಾನವಾಗಿ ಕೊಟ್ಟರು. 2001ರ ಮಾರ್ಚ್ 16ರಂದು ತೀರಿಕೊಂಡರು. ಆ ತಿಂಗಳ ಕೊನೆಗೆ ಡ್ರೀಮ್‌ಕಾಸ್ಟಿನ ತಯಾರಿಕೆಯೂ ನಿಂತಿತು. ಲಾಭನಷ್ಟದ ಪಟ್ಟಿಯಲ್ಲಿ ಇದನ್ನು ಯಾವ ತಲೆಬರಹದ ಕೆಳಗೆ ಬರೆಯಬೇಕೋ ತಿಳಿಯದು. ವ್ಯಾಪಾರಿಯೊಬ್ಬ ಸಂಸ್ಥೆಯ ಋಣವನ್ನು ತನ್ನ ಋಣವೆಂದು ತಿಳಿದು ತೀರಿಸಿದನೆಂದು ನಾನು ಬರೆದುಕೊಂಡಿದ್ದೇನೆ.

ಪೆಟ್ಟಿಗೆ ಹೋಯಿತು, ಆಟಗಳು ಉಳಿದವು. ಸೆಗಾದ ನೀಲಿ ಮುಳ್ಳುಹಂದಿ ಸಾನಿಕ್ ಹಳೆಯ ವೈರಿಯಾದ ನಿಂಟೆಂಡೋದ ಯಂತ್ರದಲ್ಲೇ ಓಡತೊಡಗಿತು. 1999ರಲ್ಲಿ ಡ್ರೀಮ್‌ಕಾಸ್ಟಿನ ಮೇಲೆ ಹುಟ್ಟಿದ ಬ್ಯಾಸ್ಕೆಟ್‌ಬಾಲಿನ ‘ಎನ್‌ಬಿಎ 2ಕೆ’ ಮಾಲೆ ಬೇರೆಯವರ ಕೈಸೇರಿ ಇಂದಿಗೂ ವರ್ಷ ವರ್ಷವೂ ಹೊರಬರುತ್ತಿದೆ. ‘ಶೆನ್ಮೂ’ವಿನ ಕತೆ ಎರಡನೆಯ ಭಾಗಕ್ಕೆ ಅರ್ಧದಲ್ಲಿ ನಿಂತಿತ್ತು. 2015ರಲ್ಲಿ ಯೂ ಸುಜುಕಿ ಮೂರನೆಯ ಭಾಗಕ್ಕೆ ಸಾರ್ವಜನಿಕರಿಂದ ಹಣ ಕೇಳಿದಾಗ ಸುಮಾರು 69 ಸಾವಿರ ಜನ 63 ಲಕ್ಷ ಡಾಲರಿಗೂ ಮೀರಿ ಕೊಟ್ಟರು. ಇನ್ನೂ ಕಟ್ಟದ ಆಟಕ್ಕೆ ಮುಂಗಡ ಚಂದಾ! ಹೇಳಿದ ಕಾಲಕ್ಕಿಂತ ತಡವಾಗಿಯಾದರೂ 2019ರ ನವೆಂಬರಿನಲ್ಲಿ ಅದು ಹೊರಬಂದಿತು. ಪೆಟ್ಟಿಗೆಯ ಮಾತನ್ನು ನಂಬದ ಜನ, ಕತೆ ಹೇಳಿದವನ ಮಾತನ್ನು ಹದಿನಾಲ್ಕು ವರ್ಷ ಕಳೆದ ಮೇಲೂ ನಂಬಿದರು.

ಆದ್ದರಿಂದ ನನ್ನ ಹಳೆಯ ಮಾತು ಪೂರ್ತಿ ಸುಳ್ಳೆಂದು ನಾನು ಕೈಬಿಟ್ಟಿಲ್ಲ, ತಿದ್ದಿಕೊಂಡಿದ್ದೇನೆ. ಒಳ್ಳೆಯ ಕೃತಿ ಕಾಲಾಂತರದಲ್ಲಿ ತನ್ನವರನ್ನು ಹುಡುಕಿಕೊಂಡೀತು. ಆದರೆ ಅದನ್ನು ಹೊತ್ತು ತರುವ ಬಂಡಿಗೆ, ಅದು ಆಟದ ಪೆಟ್ಟಿಗೆಯಾಗಲಿ, ಸಣ್ಣ ಪತ್ರಿಕೆಯಾಗಲಿ, ಪ್ರಕಾಶನವಾಗಲಿ, ಆ ಕಾಲಾಂತರದ ಸೌಲಭ್ಯವಿಲ್ಲ. ಅದು ಇಂದಿನ ಜನರ ನಂಬಿಕೆಯ ಮೇಲೆ ಇಂದೇ ನಡೆಯಬೇಕು. ಬಂಡಿ ಮುರಿದಾಗ ಮೊದಲು ಪೆಟ್ಟುತಿನ್ನುವವರು ಕೃತಿಯನ್ನು ಮೊದಲು ಪ್ರೀತಿಸಿದವರೇ. ಅವರ ಋಣವನ್ನು ಮರೆತವನು ಮುಂದೆ ಎಷ್ಟು ಒಳ್ಳೆಯ ಸರಕನ್ನು ತಂದರೂ ಜನ ಬಿಡಿಪ್ರತಿಯನ್ನು ಕೊಂಡು ಹೊರಟುಹೋಗುತ್ತಾರೆ.

ಕಳೆದ ವರ್ಷ ಮತ್ತೆ ತಂಗಿಯ ಮನೆಗೆ ಹೋಗಿದ್ದೆ. ಸೋದರಳಿಯನಿಗೆ ಈಗ ಮೂವತ್ತೈದು; ಅವನಿಗೂ ಒಬ್ಬ ಮಗನಿದ್ದಾನೆ. ಬಿಳಿಯ ಪೆಟ್ಟಿಗೆ ಹಳದಿ ತಿರುಗಿದೆ, ಆದರೆ ನಡೆಯುತ್ತದೆ. “ಮಾವ, ಬನ್ನಿ, ನೀವು ನೋಡುತ್ತಿದ್ದ ಆಟ” ಎಂದು ಕರೆದ. ಯೊಕೊಸುಕದ ಬೀದಿಯಲ್ಲಿ ಅದೇ ಹಿಮ ಬೀಳುತ್ತಿತ್ತು. ಊರಿಗೆ ಹಿಂದಿರುಗಿದ ಮೇಲೆ ಅಟ್ಟದ ಮೇಲಿದ್ದ ನಮ್ಮ ಪತ್ರಿಕೆಯ ಚಂದಾದಾರರ ಪುಸ್ತಕವನ್ನು ಕೆಳಗಿಳಿಸಿದೆ. ಆ ಮೇಷ್ಟರು ಈಗಿಲ್ಲ. ಅವರ ಮಗಳ ವಿಳಾಸ ದೊರೆಯಿತು. ಬರಬೇಕಾಗಿದ್ದ ಸಂಚಿಕೆಗಳ ಹಣವನ್ನು ಲೆಕ್ಕಹಾಕಿ, ಒಂದು ಕಾಗದ ಬರೆದು ಕಳುಹಿಸಿದೆ. ಉಳಿದ ಹೆಸರುಗಳನ್ನು ಒಂದೊಂದಾಗಿ ಹುಡುಕುತ್ತಿದ್ದೇನೆ.

(ಬಾನುಲಿಯಲ್ಲಿ ಪ್ರಸಾರವಾದ ಭಾಷಣ)